ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ಸಾಲು



ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮಲ್ಲಿ ಡೈರಿಗಳ ಸುಗ್ಗಿ. ಬ್ಯಾಂಕಿನವರು ಒಂದು ಕೊಡುತ್ತಾರೆ, ವಿಮೆಯ ಏಜೆಂಟರು ಮನೆಗೇ ತಂದು ಒಂದು ಕೊಡುತ್ತಾರೆ, ಗೊಬ್ಬರದ ಅಂಗಡಿಯವರದು ಒಂದು, ಸಹಕಾರ ಸಂಘದ್ದು ಇನ್ನೊಂದು. ಮೇಲೆ ದಪ್ಪ ರಟ್ಟು, ಅದರ ಮೇಲೆ ಹೊಳೆಯುವ ಇಸವಿ, ಒಳಗೆ ರಜೆಗಳ ಪಟ್ಟಿ. ಜನವರಿ ಒಂದರ ಪುಟವನ್ನು ನೋಡಬೇಕು, ಅಂಚಿನವರೆಗೂ ತುಂಬಿರುತ್ತದೆ. ಈ ವರ್ಷ ಹಾಗೆ ಮಾಡುತ್ತೇನೆ, ಹೀಗೆ ಮಾಡುತ್ತೇನೆ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಸಿಟ್ಟು ಬಿಡುತ್ತೇನೆ. ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಬರವಣಿಗೆ ಎರಡು ಸಾಲಿಗೆ ಇಳಿದಿರುತ್ತದೆ. ರಥಸಪ್ತಮಿಗೆ ಪುಟ ಖಾಲಿ. ಆಮೇಲೆ ಆ ಡೈರಿ ಮೆಲ್ಲಗೆ ಅಡುಗೆಮನೆ ಸೇರುತ್ತದೆ. ಹಾಲಿನ ಲೆಕ್ಕ, ಇಸ್ತ್ರಿಯ ಲೆಕ್ಕ, ಚೀಟಿಯ ಕಂತು, ಯಾರಿಗೋ ಕೊಟ್ಟ ಕೈಗಡ.

ಡೈರಿ ಹೀಗೆ ಅಡುಗೆಮನೆ ಸೇರಿದ್ದಕ್ಕೆ ಬೇಸರಪಡುವವರನ್ನು ನಾನು ಬಹಳ ಕಂಡಿದ್ದೇನೆ. ‘ನನ್ನ ಕೈಲಿ ಆಗೋದಿಲ್ಲ ಬಿಡಿ, ಪ್ರತಿ ವರ್ಷವೂ ಇದೇ ಕತೆ’ ಎನ್ನುತ್ತಾರೆ. ನನಗೇನೋ ಆ ಹಾಲಿನ ಲೆಕ್ಕದ ಪುಟವೇ ಜನವರಿ ಒಂದರ ಪುಟಕ್ಕಿಂತ ಒಳ್ಳೆಯ ದಿನಚರಿ ಅನ್ನಿಸುತ್ತದೆ. ಒಂದರಲ್ಲಿ ಇರುವುದು ಮುಂದೆ ಆಗಬೇಕಾದದ್ದು, ಇನ್ನೊಂದರಲ್ಲಿ ಇರುವುದು ಆದದ್ದು. ದಿನಚರಿಗೆ ಬೇಕಾದದ್ದು ಆದದ್ದು. ಈವತ್ತಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ: ದಿನಚರಿ ಬರೆಯಬೇಕೆಂಬ ಆಸೆಯಿದ್ದರೆ ಮನಸ್ಸಿನಿಂದ ಶುರು ಮಾಡಬೇಡಿ, ಸಂಗತಿಯಿಂದ ಶುರು ಮಾಡಿ.

ನಿಮ್ಮ ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರನ್ನೇ ಒಮ್ಮೆ ಹತ್ತಿರ ಹೋಗಿ ನೋಡಿ. ಹಾಲು ಬಾರದ ದಿನಕ್ಕೆ ಒಂದು ಅಡ್ಡಗೀಟು ಇರುತ್ತದೆ. ಹೊಸ ಸಿಲಿಂಡರ್ ಹಾಕಿದ ದಿನಕ್ಕೆ ಒಂದು ಸುತ್ತು. ಹಳ್ಳಿಯ ಮನೆಯಾದರೆ ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ ಇರುತ್ತದೆ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಕರು ಹಾಕುವ ದಿನವನ್ನು ಇನ್ನೊಂದು ಹಾಳೆಯಲ್ಲಿ ಗುರುತು ಹಾಕಿರುತ್ತಾರೆ. ನಲ್ಲಿಯಲ್ಲಿ ನೀರು ಬಿಟ್ಟ ದಿನ, ಮಗುವಿಗೆ ಲಸಿಕೆ ಹಾಕಿಸಿದ ದಿನ, ಮಗಳು ಊರಿಂದ ಬಂದ ದಿನ. ಇದನ್ನು ಬರೆಯಲು ಯಾರೂ ಸಂಕಲ್ಪ ಮಾಡಿಕೊಂಡಿಲ್ಲ, ಯಾರಿಗೂ ಸ್ಫೂರ್ತಿ ಬಂದಿಲ್ಲ. ಆದರೂ ವರ್ಷಗಟ್ಟಲೆ ತಪ್ಪದೆ ನಡೆದುಕೊಂಡು ಬಂದಿದೆ. ಯಾಕೆಂದರೆ ಅದು ಬೇಕು. ಡಿಸೆಂಬರ್ ಮುಗಿದಾಗ ಆ ಕ್ಯಾಲೆಂಡರನ್ನು ಹರಿದು ಪುಸ್ತಕಕ್ಕೆ ರಟ್ಟು ಹಾಕಿಬಿಡುತ್ತೇವೆ ಎನ್ನುವುದೊಂದೇ ನನಗಿರುವ ದುಃಖ.

ಮಲೆನಾಡಿನ ಕಾಫಿ ತೋಟಗಳಲ್ಲಿ ಈ ಅಭ್ಯಾಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಹಳೆಯ ತೋಟದ ಮನೆಗಳಿಗೆ ಹೋದರೆ ಮಳೆ ಪುಸ್ತಕ ಕಾಣಸಿಗುತ್ತದೆ. ಅಂಗಳದ ಬಯಲಿನಲ್ಲಿ ಮಳೆ ಮಾಪಕ, ಬೆಳಿಗ್ಗೆ ಎಂಟೂವರೆಗೆ ಹೋಗಿ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡುವುದು, ಬಂದು ಬರೆಯುವುದು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಅಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇಂಚು ಮತ್ತು ಸೆಂಟ್ಸ್ ಲೆಕ್ಕವೇ. ‘ನಿಮ್ಮಲ್ಲಿ ಎಷ್ಟು ಬಂತು?’ ‘ಎಂಭತ್ತು ಸೆಂಟ್ಸ್.’ ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಹೂಮಳೆಗೆ ಆ ಪುಸ್ತಕದಲ್ಲಿ ವಿಶೇಷ ಮರ್ಯಾದೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ವರ್ಷದ ಬೆಳೆ ಎಷ್ಟು ಎನ್ನುವುದು ಅಲ್ಲಿಗೆ ಅರ್ಧ ತೀರ್ಮಾನವಾದಂತೆ.

ಈ ಮಳೆ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದದ್ದು ಮಳೆಯ ದಿನಗಳಲ್ಲ. ಮಳೆ ಬಾರದ ದಿನಗಳು. ಜನವರಿಯಲ್ಲಿ ಸಾಲಿಗೆ ಸಾಲು ಸೊನ್ನೆ. ಫೆಬ್ರವರಿಯಲ್ಲೂ ಸೊನ್ನೆ. ಆಕಾಶ ನಿಚ್ಚಳವಾಗಿದೆ, ಮಾಪಕ ಒಣಗಿದೆ ಎಂದು ಗೊತ್ತಿದ್ದೂ ಹೋಗಿ ನೋಡಿ ಬಂದು ಸೊನ್ನೆ ಬರೆಯುತ್ತಾರೆ. ಸೊನ್ನೆ ಬರೆಯದೆ ಬಿಟ್ಟರೆ ಅಂದು ಮಳೆ ಬರಲಿಲ್ಲವೋ, ಬರೆಯುವವರೇ ಊರಲ್ಲಿರಲಿಲ್ಲವೋ ಎನ್ನುವುದು ಹತ್ತು ವರ್ಷ ಕಳೆದ ಮೇಲೆ ತಿಳಿಯುವುದು ಹೇಗೆ? ‘ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನು ನಡೆಯುತ್ತದೆ, ದಿನಾ ಅದೇ ಕೆಲಸ, ಅದೇ ಬಸ್ಸು’ ಎನ್ನುವವರು ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಬೇಕು. ಏನೂ ನಡೆಯದ ದಿನಕ್ಕೆ ‘ವಿಶೇಷವಿಲ್ಲ’ ಎಂದು ಬರೆದರೂ ಅದು ಬರೆದ ದಿನವೇ.

ಸಂಗತಿಯ ದಿನಚರಿ ಎಷ್ಟು ದೂರ ನಡೆಯಬಲ್ಲದು ಎನ್ನುವುದಕ್ಕೆ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಒಬ್ಬ ಸಾಕ್ಷಿ. 1837ರ ಅಕ್ಟೋಬರ್ 22ರಂದು, ಇಪ್ಪತ್ತರ ಹರೆಯದಲ್ಲಿ, ಆತ ದಿನಚರಿ ಹಿಡಿದ. ಸಾಯುವ ಹಿಂದಿನ ವರ್ಷದವರೆಗೂ ಬಿಡಲಿಲ್ಲ. ಅದರಲ್ಲಿ ದೊಡ್ಡ ದೊಡ್ಡ ವಿಚಾರಗಳೂ ಇವೆ, ನಿಜ. ಜೊತೆಗೆ ತನ್ನ ಊರು ಕಾಂಕರ್ಡಿನಲ್ಲಿ ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತು ಎಂದು 1850ರ ದಶಕದಲ್ಲಿ ವರ್ಷವರ್ಷವೂ ಗುರುತು ಹಾಕಿಟ್ಟ. ಒಂದೂವರೆ ಶತಮಾನದ ನಂತರ ಬಾಸ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದೇ ಊರಿನ ಅದೇ ಜಾತಿಯ ಗಿಡಗಳನ್ನು ನೋಡಿ ಆ ತಾರೀಖುಗಳ ಜೊತೆ ಹೋಲಿಸಿದರು. ಸರಾಸರಿ ಒಂದು ವಾರ ಮೊದಲೇ ಹೂ ಬಿಡುತ್ತಿವೆ ಎಂದು ತಿಳಿಯಿತು. ಹವೆ ಬಿಸಿಯಾಗುತ್ತಿರುವುದಕ್ಕೆ ಥೋರೋನ ಪುಸ್ತಕ ಸಾಕ್ಷಿ ಹೇಳಿತು. ಅವನಿಗೆ ಅಂಥ ಉದ್ದೇಶ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ನಮ್ಮ ನಾಡಿನದೇ ಒಂದು ಉದಾಹರಣೆ ಹೇಳುತ್ತೇನೆ. 1800ರ ಏಪ್ರಿಲ್ 23ರಂದು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟ. ಟಿಪ್ಪು ಸುಲ್ತಾನ ಮಡಿದು ವರ್ಷ ಕಳೆಯುತ್ತಾ ಬಂದಿತ್ತು. ಈಸ್ಟ್ ಇಂಡಿಯಾ ಕುಂಪಣಿಯ ಕೈಗೆ ಹೊಸದಾಗಿ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ನೋಡಿ ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಮೈಸೂರು, ಮಲಬಾರು, ಕನ್ನಡ ಜಿಲ್ಲೆ ಎಲ್ಲ ಸುತ್ತಿದ. ಹೋದಲ್ಲೆಲ್ಲ ತಾರೀಖು ಹಾಕಿ ಬರೆದ. ಇಲ್ಲಿ ರಾಗಿ ಹೇಗೆ ಬಿತ್ತುತ್ತಾರೆ, ನೇಗಿಲು ಹೇಗಿದೆ, ಆಳಿಗೆ ಕೂಲಿ ಏನು, ಮಗ್ಗದಲ್ಲಿ ಯಾವ ಬಟ್ಟೆ. ಚನ್ನಪಟ್ಟಣಕ್ಕೆ ಬಂದಾಗ ಅಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ ಮಾಡುತ್ತಾರೆಂದು ಬರೆದುಕೊಂಡ. ಈಗ ಚನ್ನಪಟ್ಟಣ ಎಂದರೆ ನಮಗೆ ಬಣ್ಣದ ಗೊಂಬೆ ಮಾತ್ರ. ಆ ತಂತಿಯ ಕತೆ ಉಳಿದದ್ದು ಅವನು ಅದನ್ನು ಬರೆದದ್ದರಿಂದ. ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಜನರ ಬಗ್ಗೆ ಅವನು ಕೊಡುವ ತೀರ್ಪುಗಳು ಹಲವು ಕಡೆ ಕಹಿ, ಕುಂಪಣಿಯ ಕಣ್ಣಿನವು. ಅವನ್ನು ಓದುವಾಗ ಈಗಲೂ ಮೈ ಉರಿಯುತ್ತದೆ. ಅವನ ರಾಗಿ, ಕೂಲಿ, ತಂತಿಗಳ ಲೆಕ್ಕವನ್ನು ಮಾತ್ರ ಚರಿತ್ರೆ ಬರೆಯುವವರು ಇವತ್ತಿಗೂ ಎತ್ತಿಕೊಳ್ಳುತ್ತಾರೆ. ಅಭಿಪ್ರಾಯಕ್ಕೆ ವಯಸ್ಸಾಗುವಷ್ಟು ಬೇಗ ಸಂಗತಿಗೆ ಆಗುವುದಿಲ್ಲ.

ಹಾಗಾದರೆ ಒಳಗಿನ ಬದುಕಿಗೆ ದಿನಚರಿಯಲ್ಲಿ ಜಾಗವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಬುಕಾನನ್ ಬರುವುದಕ್ಕೆ ಮೊದಲು ಟಿಪ್ಪುವಿನ ಶ್ರೀರಂಗಪಟ್ಟಣದ ಅರಮನೆಯಲ್ಲಿ ಇನ್ನೊಂದು ಪುಸ್ತಕ ಸಿಕ್ಕಿತ್ತು. ಟಿಪ್ಪು ತನ್ನ ಕೈಯಾರೆ ಪಾರ್ಸಿಯಲ್ಲಿ ಬರೆದಿಟ್ಟಿದ್ದ ಕನಸುಗಳ ಪುಸ್ತಕ. 1799ರಲ್ಲಿ ಕೋಟೆ ಬಿದ್ದ ಮೇಲೆ ಕುಂಪಣಿಯ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಕೈಗೆ ಸಿಕ್ಕ ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಟ್ಟು 37 ಕನಸುಗಳು. ಸುಲ್ತಾನ ಅದನ್ನು ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡಿದ್ದ. ಕನಸಿನಷ್ಟು ಒಳಗಿನ ಸಂಗತಿ ಇನ್ನೊಂದಿಲ್ಲ. ಅದನ್ನೂ ಅವನು ಬರೆದ ರೀತಿ ನೋಡಿ: ಯಾವ ತಿಂಗಳು, ಯಾವ ತಾರೀಖು, ಕಂಡದ್ದು ಏನು. ಒಂದು ಕನಸಿನಲ್ಲಿ ಬೆಳ್ಳಿಯ ಮೂರು ತಟ್ಟೆಗಳಲ್ಲಿ ಖರ್ಜೂರ ಬರುತ್ತದೆ. ಅದು ತನ್ನ ಮೂವರು ವೈರಿಗಳ ರಾಜ್ಯ ಕೈಸೇರುವ ಸೂಚನೆ ಎಂದು ಅರ್ಥ ಹಚ್ಚಿಕೊಂಡ. ನಾಲ್ಕು ಕಡೆಯಿಂದಲೂ ಮುತ್ತಿಗೆಗೆ ಸಿಕ್ಕವನ ಆತಂಕ ಆ ತಟ್ಟೆಗಳಲ್ಲಿ ಎದ್ದು ಕಾಣುತ್ತದೆ. ‘ನನಗೆ ಆತಂಕವಾಗಿದೆ’ ಎಂಬ ಮಾತು ಅಲ್ಲಿ ಬೇಕಾಗಿಲ್ಲ.

ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ತಾನು ಮನೆ ಖರ್ಚು ಬರೆಯುವ ನೋಟ್‌ಬುಕ್ಕಿನಲ್ಲೇ ದಿನಕ್ಕೆ ಒಂದೆರಡು ಸಾಲು ಸೇರಿಸುತ್ತಾ ಬಂದಿದ್ದಾರೆ. ಅವರ ಒಪ್ಪಿಗೆ ಪಡೆದೇ ಒಂದು ಪುಟ ಹೇಳುತ್ತಿದ್ದೇನೆ. ‘ಗುರುವಾರ. ಹಾಲು ಅರ್ಧ ಲೀಟರ್ ಹೆಚ್ಚು, ಭಾವ ಬಂದಿದ್ದರು. ತೊಗರಿಬೇಳೆ ಎರಡು ಕಿಲೋ. ಸಂಜೆ ಕರೆಂಟ್ ಇಲ್ಲ. ಅಪ್ಪ ಮಾತ್ರೆ ಕೇಳಿದರು, ಕೊಟ್ಟಾಗಿತ್ತು.’ ಅಷ್ಟೇ. ಮುಂದಿನ ವಾರ ಒಂದು ಕಡೆ, ‘ಅಪ್ಪ ಮತ್ತೆ ಮಾತ್ರೆ ಕೇಳಿದರು.’ ಆಮೇಲೆ ಒಂದು ದಿನ, ‘ಅಪ್ಪ ಅಮ್ಮನ್ನ ಕೂಗಿದರು’ ಎಂದಿದೆ. ಅಮ್ಮ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಬರೆಯುವಾಗ ಅವರಿಗೆ ಅದು ಬೇಳೆಯ ಸಾಲಿನ ಕೆಳಗಿನ ಇನ್ನೊಂದು ಸಾಲು. ಮುಂದೆ ತಂದೆಯನ್ನು ವೈದ್ಯರ ಬಳಿ ಕರೆದೊಯ್ದಾಗ ‘ಇದು ಯಾವಾಗಿಂದ?’ ಎಂದು ಕೇಳಿದರಂತೆ. ಸಾಮಾನ್ಯವಾಗಿ ನಾವು ಹೇಳುವುದು ‘ಇತ್ತೀಚೆಗೆ’ ಎಂದು. ಅವರು ನೋಟ್‌ಬುಕ್ ತೆಗೆದು ತಿಂಗಳು ಹೇಳಿದರು.

ದುಃಖವನ್ನು ಬರೆದರೆ ಹಗುರವಾಗುತ್ತದೆ ಎಂಬ ಮಾತೂ ಇದೆ. ಅದರಲ್ಲಿ ಎಷ್ಟು ನಿಜ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ವಿದ್ಯಾರ್ಥಿನಿಯೊಬ್ಬರ ಜೊತೆಗೂಡಿ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಕೂರಿಸಿ ಬರೆಸಿದರು. ಕೆಲವರಿಗೆ ಏನೋ ಒಂದು ಮಾಮೂಲಿ ವಿಷಯ. ಕೆಲವರಿಗೆ ಬದುಕಿನ ಅತಿ ನೋವಿನ ಪ್ರಸಂಗ. ನೋವನ್ನು ಬರೆದವರು ಎದ್ದಾಗ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು, ಇದನ್ನು ಮರೆಯಬಾರದು. ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರು ಹೋದದ್ದು ಉಳಿದವರಿಗಿಂತ ಕಡಿಮೆ. ಅದರಲ್ಲೂ ನಡೆದದ್ದನ್ನೂ ಅದರಿಂದ ಆದ ಭಾವನೆಯನ್ನೂ ಎರಡನ್ನೂ ಸೇರಿಸಿ ಬರೆದವರಿಗೆ ಈ ಲಾಭ. ಆಮೇಲೆ ಇಂಥ ಪ್ರಯೋಗಗಳು ನೂರಾರು ನಡೆದಿವೆ. ಎಲ್ಲರಿಗೂ ಒಂದೇ ರೀತಿ ಗುಣ ಕಂಡಿಲ್ಲ, ಕಂಡ ಗುಣವೂ ಸಣ್ಣದೇ. ಬರೆಯುವುದು ಔಷಧವಲ್ಲ. ಬರೆದಷ್ಟೂ ಅದೇ ನೋವು ತಿರುಗಿ ತಿರುಗಿ ಬರುತ್ತಿದೆ, ನಿದ್ದೆ ಹೋಗುತ್ತಿದೆ ಎಂದಾದರೆ ಪೆನ್ನು ಕೆಳಗಿಟ್ಟು ಯಾರ ಹತ್ತಿರವಾದರೂ ಬಾಯಿಬಿಟ್ಟು ಮಾತಾಡಬೇಕು, ಅಗತ್ಯವಿದ್ದರೆ ವೈದ್ಯರನ್ನೇ ಕಾಣಬೇಕು.

ಇನ್ನು ಅಭ್ಯಾಸದ ವಿಷಯ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ಎಲ್ಲೆಲ್ಲೂ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಹೇಳಿದ್ದು ಬೇರೆ. ಊಟವಾದ ಮೇಲೆ ನಡೆಯುವುದು, ನೀರು ಕುಡಿಯುವುದು ಇಂಥ ಸಣ್ಣ ಕೆಲಸಗಳು ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ನಮಗೆ ಮುಖ್ಯವಾದದ್ದು ಇನ್ನೊಂದು: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ದಿನಚರಿಗಳು ಸಾಯುವುದು ತಪ್ಪಿದ ಒಂದು ದಿನದಿಂದಲ್ಲ, ‘ಅಯ್ಯೋ ತಪ್ಪಿಹೋಯಿತು’ ಎಂದು ಪುಸ್ತಕ ಮುಚ್ಚಿಡುವುದರಿಂದ. ದಿನಚರಿಕಾರರಲ್ಲೇ ಬಲು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ 1660ರ ಜನವರಿ ಒಂದರಿಂದ 1669ರ ಮೇ 31ರವರೆಗೆ ಬರೆದವನು. ಅವನು ಕೂಡ ಎಷ್ಟೋ ಸಲ ಚೀಟಿಯಲ್ಲಿ ಗುರುತು ಮಾಡಿಟ್ಟುಕೊಂಡು ನಾಲ್ಕೈದು ದಿನದ್ದನ್ನು ಒಟ್ಟಿಗೆ ಕೂತು ಬರೆದಿದ್ದಾನೆ. 1666ರಲ್ಲಿ ಲಂಡನ್ ಹೊತ್ತಿ ಉರಿದಾಗ ಮನೆಯ ಹಿತ್ತಲಲ್ಲಿ ಗುಂಡಿ ತೋಡಿ ದ್ರಾಕ್ಷಾರಸವನ್ನೂ ತನ್ನ ಇಟಲಿಯ ಗಿಣ್ಣನ್ನೂ ಹೂತಿಟ್ಟೆ ಎಂದು ಬರೆದವನು ಅವನೇ. ಬೆಂಕಿಯ ಚರಿತ್ರೆ ಯಾರು ಬೇಕಾದರೂ ಬರೆದಾರು, ಆ ಗಿಣ್ಣನ್ನು ಇನ್ನಾರು ಬರೆಯುತ್ತಿದ್ದರು?

ಬರೆಯುವ ಹೊತ್ತನ್ನು ಈಗಾಗಲೇ ಮಾಡುತ್ತಿರುವ ಒಂದು ಕೆಲಸಕ್ಕೆ ಅಂಟಿಸಿಬಿಟ್ಟರೆ ಒಳ್ಳೆಯದು. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ, ಅಂಗಡಿಯ ಗಲ್ಲಾ ಎಣಿಸಿದ ಮೇಲೆ, ಬೆಳಿಗ್ಗೆ ಕಾಫಿ ಮುಗಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಶಾಂತವಾಗಿ ಕೂತು ಬರೆಯುತ್ತೇನೆ ಎಂದರೆ ಆ ಶಾಂತಿ ನಮ್ಮ ಮನೆಗಳಲ್ಲಿ ಸಿಗುವುದಿಲ್ಲ. ದುಬಾರಿ ಪುಸ್ತಕವೂ ಬೇಡ. ಅಂದದ ಕಾಗದ ಕಂಡರೆ ಕೈ ಅಂದದ ಮಾತನ್ನೇ ಹುಡುಕುತ್ತದೆ. ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು, ಬಾಲ್ ಪೆನ್ನು ಸಾಕು. ಮೊಬೈಲಿನಲ್ಲಿ ಬರೆಯುವವರೂ ಇದ್ದಾರೆ, ಬೇಡವೆನ್ನುವುದಿಲ್ಲ. ಆದರೆ ಫೋನ್ ಬದಲಾದಾಗ ಬರೆದದ್ದು ಹೊಸ ಫೋನಿಗೆ ಬಂತೇ ಎಂದು ನೋಡಿಕೊಳ್ಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಕೊಡವ ತಕ್ಕೋ ಆಡುವವರು ಆ ಮಾತಿನಲ್ಲೇ, ಕೈಗೆ ಸುಲಭವಾದ ಲಿಪಿಯಲ್ಲೇ ಬರೆದುಕೊಳ್ಳಲಿ. ಪಾಂಡಿಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಯ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆ ದರ್ಬಾರಿನಲ್ಲಿ ಯಾವ ಭಾಷೆ ಆಡಿದರೂ ದಿನಚರಿಯನ್ನು ತಮಿಳಿನಲ್ಲೇ ಬರೆದ, 1736ರಿಂದ 1761ರವರೆಗೆ. ಮೂಲತಃ ವ್ಯಾಪಾರಿ. ಯಾವ ಹಡಗು ಬಂತು, ಯಾವ ಸರಕು ಇಳಿಯಿತು ಎಂಬ ಲೆಕ್ಕದ ಜೊತೆಯಲ್ಲೇ ಊರಿನ ಒಳಗುಟ್ಟೆಲ್ಲ ಅದರಲ್ಲಿ ಬಂದು ಕೂತಿದೆ.

ಒಳಗುಟ್ಟು ಎಂದಾಗ ನಮ್ಮ ದೊಡ್ಡ ತೊಡಕು ಬರುತ್ತದೆ. ಬರೆದದ್ದನ್ನು ಇಡುವುದೆಲ್ಲಿ? ಪೀಪ್ಸ್ ಶೀಘ್ರಲಿಪಿಯಲ್ಲಿ ಬರೆದ, ಅದನ್ನು ಬಿಡಿಸಿ ಅಚ್ಚು ಮಾಡುವ ಹೊತ್ತಿಗೆ 1825 ಆಗಿತ್ತು. ಸುಲ್ತಾನನಿಗೆ ಅರಮನೆ ಇತ್ತು. ನಮ್ಮ ಮನೆಗಳಲ್ಲಿ ಬೀರುವಿನ ಕೀಲಿ ಎಲ್ಲರಿಗೂ ಗೊತ್ತಿರುವ ಮೊಳೆಗೆ ತೂಗುತ್ತಿರುತ್ತದೆ. ಅತ್ತೆಯೋ ಗಂಡನೋ ಮಗನೋ ಯಾರಾದರೂ ತೆಗೆದು ಓದಿಯಾರು ಎಂಬ ಅಳುಕಿನಿಂದಲೇ ಎಷ್ಟೋ ಹೆಂಗಸರು ಬರೆಯುವುದಿಲ್ಲ, ಹದಿಹರೆಯದ ಮಕ್ಕಳೂ ಬರೆಯುವುದಿಲ್ಲ. ಇದಕ್ಕೆ ನನ್ನ ಬಳಿ ಪೂರ್ತಿ ಪರಿಹಾರವಿಲ್ಲ. ಸಂಗತಿಯ ದಿನಚರಿಗೆ ಇಲ್ಲಿಯೂ ಒಂದು ಅನುಕೂಲ ಇದೆ ಎಂದು ಮಾತ್ರ ಹೇಳಬಲ್ಲೆ. ‘ಮಧ್ಯಾಹ್ನ ಊಟ ಮಾಡಲಿಲ್ಲ’ ಎಂಬ ಸಾಲನ್ನು ಬೇರೆಯವರು ಓದಿದರೆ ಊಟದ ಸುದ್ದಿ. ಬರೆದವಳು ಓದಿದರೆ ಆ ದಿನದ ಜಗಳ ಪೂರ್ತಿ ಕಣ್ಣಮುಂದೆ. ತಂದೆತಾಯಿಯರಿಗೂ ಒಂದು ಮಾತು: ಮಗಳ ಡೈರಿ ಕೈಗೆ ಸಿಕ್ಕಿತೆಂದು ತೆರೆದು ಓದಬೇಡಿ. ಒಂದು ಸಲ ಓದಿದಿರೋ, ಆಮೇಲೆ ಅವಳು ನೀವು ಓದಲೆಂದೇ ಬರೆಯುತ್ತಾಳೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾಳೆ.

ರೇಡಿಯೋದಲ್ಲಿ ಈ ಮಾತಾಡುತ್ತಿರುವುದರಿಂದ ರೇಡಿಯೋದ್ದೇ ಒಂದು ಪ್ರಸಂಗ ಹೇಳಲೇಬೇಕು. ಆ್ಯನ್ ಫ್ರ್ಯಾಂಕ್ ಎಂಬ ಹುಡುಗಿಗೆ 1942ರ ಜೂನ್ 12ರಂದು, ಹದಿಮೂರು ತುಂಬಿದ ದಿನ, ಚೌಕುಳಿ ಬಟ್ಟೆಯ ರಟ್ಟಿನ ಪುಸ್ತಕವೊಂದು ಉಡುಗೊರೆಯಾಗಿ ಸಿಕ್ಕಿತು. ಕೆಲವೇ ವಾರದಲ್ಲಿ ಮನೆಮಂದಿಯೆಲ್ಲ ನಾಜಿಗಳಿಂದ ತಪ್ಪಿಸಿಕೊಂಡು ಆಮ್‌ಸ್ಟರ್‌ಡ್ಯಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಬೇಕಾಯಿತು. ಅಲ್ಲಿ ಅವರು ಗುಟ್ಟಾಗಿ ರೇಡಿಯೋ ಕೇಳುತ್ತಿದ್ದರು. 1944ರ ಮಾರ್ಚ್ 28ರಂದು ಲಂಡನ್ನಿನಿಂದ ಡಚ್ ಸರ್ಕಾರದ ಮಂತ್ರಿ ಬೋಲ್ಕೆಸ್ಟೈನ್ ಮಾತಾಡಿದರು. ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರ ದಿನಚರಿ, ಪತ್ರಗಳನ್ನು ಸಂಗ್ರಹಿಸುತ್ತೇವೆ, ಜೋಪಾನವಾಗಿಟ್ಟುಕೊಳ್ಳಿ ಎಂದರು. ಮಂತ್ರಿಯೊಬ್ಬ ರೇಡಿಯೋದಲ್ಲಿ ಆಡಿದ ಮಾತುಗಳಲ್ಲಿ ಇಷ್ಟು ಫಲ ಕೊಟ್ಟದ್ದು ಇನ್ನೊಂದಿದೆಯೋ ಇಲ್ಲವೋ. ಹುಡುಗಿ ಎರಡು ವರ್ಷ ಬರೆದದ್ದನ್ನೆಲ್ಲ ಬಿಡಿ ಹಾಳೆಗಳ ಮೇಲೆ ತಿದ್ದಿ ಬರೆಯಲು ಕೂತಳು. ಕೊನೆಯ ಬರಹ ಆಗಸ್ಟ್ ಒಂದರದು. ನಾಲ್ಕರಂದು ಅವರೆಲ್ಲ ಸಿಕ್ಕಿಬಿದ್ದರು. ನೆಲದ ಮೇಲೆ ಚೆಲ್ಲಿದ್ದ ಆ ಹಾಳೆಗಳನ್ನು ಹುಡುಗಿಯ ತಂದೆಯ ಕಚೇರಿಯ ಮೀಪ್ ಗೀಸ್ ಎಂಬಾಕೆ ಎತ್ತಿ, ಓದದೆ, ಮೇಜಿನ ಖಾನೆಯಲ್ಲಿ ಇಟ್ಟರು. ಓದದೆ ಎನ್ನುವುದನ್ನು ಗಮನಿಸಿ. ಆ ದಿನಚರಿಯಲ್ಲೂ ಮನಸ್ಸಿನ ತಳಮಳದ ಪಕ್ಕದಲ್ಲೇ ಊಟಕ್ಕೆ ಏನಿತ್ತು, ಯಾರು ಯಾರ ಜೊತೆ ಜಗಳವಾಡಿದರು ಎಂಬುದೆಲ್ಲ ಇದೆ.

ಕೊನೆಗೆ, ತಿರುಗಿ ಓದುವ ವಿಷಯ. ಬರೆದ ಮರುದಿನವೇ ಓದಿದರೆ ನಾಚಿಕೆಯಾಗುತ್ತದೆ, ಮೂರು ತಿಂಗಳಿಗೆ ಓದಿದರೆ ಬೇಜಾರು. ಒಂದು ವರ್ಷ ಬಿಟ್ಟು ಓದಬೇಕು. ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ತಾರುಣ್ಯದಲ್ಲಿ ಬರೆದಿಟ್ಟಿದ್ದ ದಿನಚರಿಗಳನ್ನು ತೆಗೆದು ನೋಡಿಕೊಂಡರು. ನಮಗೆ ಆತ್ಮಕಥೆ ಬರೆಯುವ ಯೋಗ ಇಲ್ಲದಿರಬಹುದು. ಕಳೆದ ವರ್ಷ ಇದೇ ದಿನ ತೊಗರಿಬೇಳೆಗೆ ಎಷ್ಟಿತ್ತು, ಮಾವಿನ ಮಿಡಿ ಯಾವಾಗ ಬಂತು, ಬೋರ್‌ವೆಲ್ಲಿನಲ್ಲಿ ನೀರು ಯಾವ ತಿಂಗಳು ಕಡಿಮೆಯಾಯಿತು ಎಂಬುದು ನಮಗೂ ಬೇಕಾಗುತ್ತದೆ.

ತುಂಬಿದ ನೋಟ್‌ಬುಕ್ಕುಗಳನ್ನು ನೆಲದ ಮೇಲಿನ ಪೆಟ್ಟಿಗೆಯಲ್ಲಿ ಇಡಬೇಡಿ, ಗೆದ್ದಲಿಗೆ ಅದೇ ಇಷ್ಟ. ಗೋಡೆಗೆ ತಾಗದಂತೆ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ, ವರ್ಷಕ್ಕೊಮ್ಮೆ ಹೊರತೆಗೆದು ಗಾಳಿಗೆ ಹರವಿ. ಇಂಕಿನ ಪೆನ್ನಿನಲ್ಲಿ ಬರೆದದ್ದಾದರೆ ಸೋರುವ ಮಾಡಿನ ಕೆಳಗೆ ಇಡುವುದೇ ಬೇಡ. ಪ್ರತಿ ಪುಸ್ತಕದ ರಟ್ಟಿನ ಮೇಲೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಇಸವಿ ಸಮೇತ ದಪ್ಪಕ್ಷರದಲ್ಲಿ ಬರೆದಿಡಿ, ಹುಡುಕುವವರು ಮೊದಲು ನೋಡುವುದು ಅದನ್ನೇ.